ಆಯಿ ಹಿಂಜಿದ ಉಣ್ಣೆ

ಮೊನ್ನೆ ಲೋಕಾಪುರದ ಹತ್ತಿರ ಕುರಿಹಿಂಡು ಅಡ್ಡ ಬಂದು ನಮ್ಮ ಬಸ್ಸು ನಿಂತಿತು. ಆಗಷ್ಟೇ ಮಳೆ ಬಂದು ಹೋಗಿತ್ತು. ಕಿಟಕಿಯಿಂದ ಒದ್ದೆ ಉಣ್ಣೆಯ ವಾಸನೆ ಒಳಗೆ ನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಆಯಿ ನೆನಪಾದಳು...

ತೇರದಾಳದಲ್ಲಿ ನಾನು ಶಿಕ್ಷಕಿಯಾಗಿದ್ದಾಗ ಆಕೆ ಪಕ್ಕದ ಕುರಿಗಾರರ ಮನೆಯ ಮುದುಕಿ. ಓಣಿಗೆಲ್ಲ ಆಯಿ. ಸಂಜೆ ಶಾಲೆ ಬಿಟ್ಟು ಬರುವಾಗ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಉಣ್ಣೆಯೊಳಗಿನ ಮುಳ್ಳು, ಹಿಕ್ಕೆ ಆರಿಸಿ, ಗಂಟುಗಳನ್ನು ಬೆರಳಿನಿಂದ ಸಡಿಲಿಸಿ, ಹೊಗೆಯಷ್ಟು ಹಗುರಾಗುವವರೆಗೆ ಹಿಂಜುವಳು. ಆಮೇಲೆ ಅದನ್ನು ಸಣ್ಣ ಸುರುಳಿಗಳಾಗಿ ಸುತ್ತಿ ಹಂಜಿ ಮಾಡಿ ರಾಟಿಯಲ್ಲಿ ನೂಲುವಳು.

ಒಂದು ವರ್ಷ ಮಗ ಕರಿ ಕುರಿಗಳನ್ನೆಲ್ಲ ಮಾರಿ, ಉಣ್ಣೆ ಬಾರದ ಕೆಂಪು ಕುರಿಗಳನ್ನು ತಂದ.

"ಇವು ತೂಕ ಬರ್ತಾವ ಬೇ. ಉಣ್ಣಿ ಈಗ ಯಾರಿಗೆ ಬೇಕು?"

ಅವನ ಮಾತು ಸುಳ್ಳಾಗಿರಲಿಲ್ಲ.

ಮರುವರ್ಷ ಮೊಮ್ಮಗಳ ಲಗ್ನ ಗೊತ್ತಾಯಿತು. ಆ ಮನೆಯಲ್ಲಿ ಮದುಮಕ್ಕಳನ್ನು ಕೂಡಿಸುವುದು ಕರಿಕಂಬಳಿಯ ಮೇಲೆ.

"ನನ್ನ ಲಗ್ನದ ಕಂಬಳಿ ನಮ್ಮವ್ವ ನೂತಿದ್ದು. ಮಗನ ಲಗ್ನದ್ದು ನಾ ನೂತೆ. ಇದನ್ನೂ ನಾನ ನೂಲ್ತೇನ್ರಿ, ಅಕ್ಕೋರ."

ಉಣ್ಣೆ ಎಲ್ಲಿಂದ ಬರಬೇಕು? ಉಳಿದ ಕುರಿಗಾರರು ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಊರಾಚೆಯ ತಗ್ಗಿನಲ್ಲಿ ಚೆಲ್ಲಿಬಿಟ್ಟಿದ್ದರು; ಮತ್ತೆ ಕತ್ತರಿಸುವ ಕಾಲ ಲಗ್ನದ ಆಚೆಗಿತ್ತು. ಆಯಿ ಚೀಲ ಹಿಡಿದು ಹೋಗಿ ಅದನ್ನೇ ಬಳಿದುಕೊಂಡು ಬಂದಳು. ನಾಲ್ಕು ತಿಂಗಳು ತೊಳೆದಳು, ಒಣಗಿಸಿದಳು, ಹಿಂಜಿದಳು. ರವಿವಾರ ನಾನೂ ಕೂತು ಮುಳ್ಳು ಆರಿಸುತ್ತಿದ್ದೆ.

ರಾಟಿಗೆ ಹಾಕಿದ ದಿನ ಗೇಣಿಗೊಮ್ಮೆ ಎಳೆ ಹರಿಯಿತು. ಆಯಿ ಜೋಡಿಸುವಳು, ಮತ್ತೆ ಹರಿಯುವುದು. ಕೊನೆಗೆ ಒಂದು ಚಿಟಿಕೆ ಉಣ್ಣೆಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಎಳೆದಳು. ಚಟ್ ಎಂದು ತುಂಡಾಯಿತು.

"ಮಳ್ಯಾಗ ಬಿದ್ದು ಕೊಳತೈತ್ರಿ."

"ಮೊದಲ ಯಾಕ ನೋಡಲಿಲ್ಲ, ಆಯಿ?"

"ನೋಡಿದ್ನಿರಿ... ತಂದ ದಿನಾನ ಗೊತ್ತಾಗಿತ್ತು. ಬ್ಯಾರೆ ಉಣ್ಣಿ ಎಲ್ಲೈತಿ?"

ಆಕೆಯ ಮಡಿಲಲ್ಲಿದ್ದ ಹಂಜಿಗಳನ್ನು ನೋಡುತ್ತ ಕೂತೆ.

ಲಗ್ನಕ್ಕೆ ಮಗ ಜಮಖಂಡಿ ಪೇಟೆಯಿಂದ ಮಷಿನ್ ಕಂಬಳಿ ತಂದ. ಅಕ್ಕಿಕಾಳು ಹಾಕಲು ಬಂದ ಆಯಿ ಬಗ್ಗಿ ಅದರ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಬಿಟ್ಟಳು. ಯಾರೂ ಗಮನಿಸಲಿಲ್ಲ. ಆಮೇಲೆ ಆಕೆ ಕಟ್ಟೆಯ ಮೇಲೆ ಬರಿಗೈಯಲ್ಲೇ ಕೂತಿರುತ್ತಿದ್ದಳು. ಆ ಬೇಸಿಗೆ ನನಗೆ ವರ್ಗವಾಯಿತು. ಮುಧೋಳಕ್ಕೆ ಬಂದ ಕೆಲವು ತಿಂಗಳಿಗೆ ಆಯಿ ತೀರಿಕೊಂಡ ಸುದ್ದಿ ಮುಟ್ಟಿತು. ಶಾಲೆಯ ಪರೀಕ್ಷೆ ಇತ್ತು... ಮಣ್ಣಿಗೆ ಹೋಗಲಿಲ್ಲ.

ಇವತ್ತು ಮುಧೋಳದ ಪೇಟೆಯಲ್ಲಿ ಆ ಮೊಮ್ಮಗಳು ಸಿಕ್ಕಳು. ಸೊಂಟದ ಮೇಲೆ ಮಗು. ಆಯಿಯ ಮಾತು ತೆಗೆದೆ.

"ನೀವು ಆಕಿ ಕೂಡ ಕೂಡ್ತಿದ್ರಲ್ಲ. ಹಿಂಜೂದು ಬರ್ತೈತೇನ್ರಿ, ಅಕ್ಕೋರ?"

"ಇಲ್ಲವ್ವ. ನಿನಗ?"

"ನಮ್ಮ ಮನ್ಯಾಗ ಯಾರಿಗೂ ಬರಂಗಿಲ್ರಿ" ಎಂದಳು. ಮಗು ಅಳತೊಡಗಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಸಮಾಧಾನ ಮಾಡುತ್ತ ನಿಂತೆವು.