ಮೌನೇಶ್ವರಿ ಓದದೆ ಬಿಟ್ಟ ಪುಟ

ಮೌನೇಶ್ವರಿ ಈಗ ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಊರೆಲ್ಲ ಅವಳನ್ನು ಮೇಡಂ ಅನ್ನುತ್ತದೆ, ನಾನು ಅನ್ನುವುದಿಲ್ಲ. ನಮ್ಮೂರು ಜಾಲಹಳ್ಳಿಯಲ್ಲಿ ನಾವಿಬ್ಬರೂ ಒಟ್ಟಿಗೆ ಹತ್ತಿ ಬಿಡಿಸಿದವರು. ಬಿಡಿಸಿದವರು ಅನ್ನುವುದೂ ಪೂರ್ತಿ ನಿಜವಲ್ಲ. ಬಿಡಿಸಿದ್ದು ನಾನು, ಓದಿದ್ದು ಅವಳು.

ನಮ್ಮ ಕೂಲಿ ಗುಂಪಿನಲ್ಲಿ ಹನ್ನೊಂದು ಹೆಂಗಸರು. ಕಾಲೇಜಿಗೆ ರಜೆ ಇದ್ದಾಗ ಮೌನೇಶ್ವರಿ ಪುಸ್ತಕ ಹಿಡಿದು ನಮ್ಮ ಹಿಂದೆ ನಡೆಯುತ್ತ ಗಟ್ಟಿಯಾಗಿ ಓದುತ್ತಿದ್ದಳು. ಅವಳ ಪಾಲಿನ ಸಾಲನ್ನು ಉಳಿದ ಹತ್ತು ಮಂದಿ ಹಂಚಿಕೊಂಡು ಬಿಡಿಸುತ್ತಿದ್ದೆವು. ಅವಳ ತಾಯಿ ಬಸ್ಸಮ್ಮ ಮಾಡಿದ ಕಟ್ಟಳೆ ಅದು. ನನ್ನ ಬೆರಳ ಸಂದಿಯಲ್ಲಿ ಹತ್ತಿಕಾಯಿಯ ಸಿಪ್ಪೆ ಚುಚ್ಚಿದ ಗುರುತು ಇನ್ನೂ ಇದೆ. ಅರ್ಧ ಗುರುತು ಅವಳ ಸಾಲಿನವು.

ಓದುತ್ತಿದ್ದದ್ದು ‘ಕರಿಹೊಳೆ ಸೀಮೆ’. ವರ್ಷಕ್ಕೊಂದು ಭಾಗ ಬರುವ ಮಾಯಾಲೋಕದ ಕಾದಂಬರಿ, ದೇವದುರ್ಗದ ಲೈಬ್ರರಿಯಿಂದ ತರುತ್ತಿದ್ದಳು. ಹಾರುವ ಕಲ್ಲುಕುದುರೆ, ನೀರಡಿಯ ಪಟ್ಟಣ, ನೆರಳು ತಿನ್ನುವ ಮಾಟಗಾತಿ, ಎಲ್ಲ ಇದ್ದವು. ನಮ್ಮ ಜೀವ ಇದ್ದದ್ದು ಹೊನ್ನಿಯ ಮೇಲೆ. ಹೊನ್ನಿ ಹರಿಗೋಲು ಹಾಕುವವನ ಮಗಳು. ಒಂದು ಮಂತ್ರವೂ ಬಾರದು, ಹೊಳೆಯ ಸುಳಿ ಮಾತ್ರ ಗೊತ್ತು. ಅದರಿಂದಲೇ ಮಂತ್ರವಾದಿಗಳ ಸೊಕ್ಕು ಮುರಿಯುತ್ತಿದ್ದಳು. ಬಸ್ಸಮ್ಮನ ತವರು ಹೊಳೆದಂಡೆಯ ಗೂಗಲ್ ಎಂಬ ಊರು. “ಅಕಿ ನಮ್ಮಾಕಿ” ಅನ್ನುತ್ತಿದ್ದಳು. ಅರಮನೆಯ ಬಾವಿ ಮುಟ್ಟಿದ್ದಕ್ಕೆ ಹೊನ್ನಿಗೆ ಚಾಟಿ ಬಿದ್ದ ದಿನ ಬಸ್ಸಮ್ಮ ಹೊತ್ತು ಮುಳುಗುವ ತನಕ ಆ ರಾಜನ ಏಳು ತಲೆಮಾರನ್ನು ಬೈದಳು.

ಒಂಬತ್ತನೇ ಭಾಗ ಓದುವಾಗ ಒಂದು ಕಡೆ ಮೌನೇಶ್ವರಿಯ ದನಿ ತಡವರಿಸಿತು. ಬಿಸಿಲಿಗೆ ಇರಬೇಕು ಅಂದುಕೊಂಡೆವು. ಮರುವರ್ಷ, “ಬರೆಯೋರು ಬಿಟ್ಟುಬಿಟ್ರಂತ, ಮುಂದ ಇಲ್ಲ” ಅಂದಳು. ಓದಿದವಳ ಮಾತು, ನಂಬಿದೆವು.

ಹನ್ನೆರಡು ವರ್ಷ ಕಳೆದ ಮೇಲೆ, ಹೋದ ತಿಂಗಳು, ಕಣ್ಣಿನ ಪೊರೆ ತೆಗೆಸಿಕೊಂಡ ಬಸ್ಸಮ್ಮನನ್ನು ತಪಾಸಣೆಗೆಂದು ರಾಯಚೂರಿಗೆ ಕರೆದೊಯ್ದಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕಲೀಮುಲ್ಲಾನ ಪುಸ್ತಕದ ಅಂಗಡಿ ಮುಂದೆ ಮುದುಕಿ ಗಕ್ಕನೆ ನಿಂತಳು. ಅಕ್ಷರ ಬಾರದು, ಚಿತ್ರ ಗೊತ್ತಾಗುತ್ತದಲ್ಲ. ಒಂದು ಪುಸ್ತಕದ ರಟ್ಟಿನ ಮೇಲೆ ಹರಿಗೋಲಿನಲ್ಲಿ ಹುಟ್ಟು ಹಿಡಿದು ನಿಂತ ಹುಡುಗಿ.

“ದುರ್ಗಾ, ಹೊನ್ನಿ ಅದಾಳ ನೋಡಬೇ!” ಅಂತ ನನ್ನ ಕೈ ಎಳೆದಳು.

“ಹದಿನಾರನೇ ಭಾಗರೀ ಅಮ್ಮಾ, ಇದೇ ಕಡೀದು, ಬಂದು ಐದಾರು ವರ್ಷ ಆತು. ಅಲ್ಲೀತನಕ ವರ್ಷಾ ವರ್ಷಾ ಬರ್ತಾನೇ ಇದ್ವಲ್ರಿ” ಅಂದ ಕಲೀಮುಲ್ಲಾ.

ನನ್ನ ಪಿತ್ತ ನೆತ್ತಿಗೇರಿತು. ಪುಸ್ತಕ ಕೊಂಡು, ಊರಿನ ಬಸ್ಸು ಬಿಟ್ಟು, ಮುದುಕಿಯ ಕೈ ಹಿಡಿದು ಮಾನ್ವಿ ಬಸ್ಸು ಹತ್ತಿದೆ.

ಬಾಗಿಲಲ್ಲಿ ಪುಸ್ತಕ ಕಂಡದ್ದೇ ಮೌನೇಶ್ವರಿ ಹೊಲಸು ತುಳಿದವಳ ಹಾಗೆ ಹಿಂದೆ ಸರಿದಳು. “ಯವ್ವಾ, ಅದನ್ನ ಒಳಗ ತರಬ್ಯಾಡ.”

ಸುಳ್ಳು ಯಾಕೆ ಹೇಳಿದೆ ಅಂತ ನಾನು ಜಗಳಕ್ಕೆ ನಿಂತ ಮೇಲೆ ಬಾಯಿ ಬಿಟ್ಟಳು. ಒಂಬತ್ತನೇ ಭಾಗದಲ್ಲಿ ಹೊನ್ನಿ ಹರಿಗೋಲಿನವನ ಮಗಳೇ ಅಲ್ಲವಂತೆ. ಹೊಳೆಯಲ್ಲಿ ತೇಲಿ ಬಂದ ರಾಜನ ಕೂಸಂತೆ. ಅವಳ ಧೈರ್ಯ, ಬುದ್ಧಿ ಎಲ್ಲ ಆ ರಕ್ತದ್ದಂತೆ. ಸಾಕಿದ ಅಪ್ಪ ಅವಳ ಕಾಲಿಗೆ ಬಿದ್ದು, ನಮ್ಮ ಗಡಿಗೆಯ ಅಂಬಲಿ ಕುಡಿಸಿ ತಪ್ಪು ಮಾಡಿದೆ ತಾಯಿ, ಅಂತ ಅತ್ತನಂತೆ. ಆ ಪುಟವನ್ನು ಮೌನೇಶ್ವರಿ ಕಣ್ಣಲ್ಲಿ ಓದಿ, ಬಾಯಲ್ಲಿ ನಮಗೆ ತಾನೇ ಕಟ್ಟಿದ ಕತೆ ಹೇಳಿದ್ದಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿಬಿಟ್ಟೇನು ಅಂತ, ಪುಸ್ತಕ ಕಳೆಯಿತೆಂದು ಲೈಬ್ರರಿಗೆ ದಂಡ ಕಟ್ಟಿ ಟ್ರಂಕಿನಲ್ಲಿ ಬಚ್ಚಿಟ್ಟಿದ್ದಳು.

ಅಂಬಲಿ ಕುಡಿಸಿದ್ದು ತಪ್ಪಂತೆ! ಬರೆದವನು ಹೊಟ್ಟೆಗೆ ಏನು ತಿನ್ನುತ್ತಾನೋ.

“ಒಲಿಗೆ ಹಾಕು” ಅಂದೆ.

“ಹಾಕಬೇಕಂತೀನಿ. ನಮ್ಮ ಸಾಲಿ ಲೈಬ್ರರಿ ಕಪಾಟಿನ್ಯಾಗ ಉಳಿದ ಭಾಗ ಎಲ್ಲಾ ಅದಾವ. ಮುಟ್ಟಿದ್ರ ಕೈ ಹೊಲಸಾಗ್ತದ ಅನಸ್ತದ. ಆದ್ರ ಕಡೀಗೆ ಅಕಿ ಏನಾದಳು ಅಂತ ತಿಳೀಬೇಕು. ಹನ್ನೆರಡು ವರ್ಷದಿಂದ ಹಿಂಗ ಒದ್ದಾಡಾಕತ್ತೀನಿ. ಮತ್ತ ಓದ್ಲೋ ಬ್ಯಾಡೋ ನೀವ ಹೇಳ್ರಿ.”

ಬಸ್ಸಮ್ಮ ಇಷ್ಟೊತ್ತು ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಾಳೇನೋ ಅಂದುಕೊಂಡೆ.

“ನಮಗ್ಯಾಕ ಹೇಳಲಿಲ್ಲ?”

“ನಿನಗ ನೋವಾಗ್ತದಂತ, ಯವ್ವಾ.”

“ನೋವು ನಮಗ ಹೊಸಾದೇನು?” ಮುದುಕಿಯ ದನಿ ಏರಿತು. “ಅಂವ ಬರದಾನ, ಹೇಸಿಗಿ ಮಾಡ್ಯಾನ. ನಮ್ಮ ಬಾಯಾಗ ಉಗುಳು ಇರಲಿಲ್ಲೇನಬೇ? ಹತ್ತು ಮಂದಿ ಇದ್ವಿ, ಹತ್ತು ಮಂದೀನೂ ಉಗುಳತಿದ್ವಿ. ನೀ ಒಬ್ಬಾಕೀನ ನುಂಗಿ ಕುಂತಿ. ಕಲತಾಕಿ ಅಂತ ನಮ್ಮ ಸಿಟ್ಟೂ ನೀನ ಇಟಗೊಂಡಿ. ಅಂವಗಿಂತ ನಿನ್ನ ನೋಡಿ ಅಸಹ್ಯ ಆಗ್ತದ ನನಗ.”

ಮುದುಕಿ ಹೇಳಿದ್ದು ನನ್ನ ಹೊಟ್ಟೆಯಲ್ಲಿದ್ದದ್ದೇ.

“ಟ್ರಂಕ್ ತಗಿ” ಅಂದಳು ಬಸ್ಸಮ್ಮ.

ಮೌನೇಶ್ವರಿ ಒಂಬತ್ತನೇ ಭಾಗ ತಂದು ಆ ಪುಟ ತೆರೆದಳು. ಈ ಸಲ ಒಂದಕ್ಷರವನ್ನೂ ಬಿಡದೆ ಓದಿದಳು. ಗಡಿಗೆಯ ಮಾತು ಬಂದಾಗ ಬಸ್ಸಮ್ಮ ಎದ್ದು, ಗೋಡೆ ಹಿಡಿದು ಬಾಗಿಲ ತನಕ ಹೋಗಿ, ಚರಂಡಿಗೆ ಕ್ಯಾಕರಿಸಿ ಉಗುಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದು ಮಗಳ ಎದುರಿಗೇ ಕೂತಳು.

“ಹ್ಞಾಂ, ಮುಂದ ಓದು.”