ಮೂರು ಅಕ್ಷರಗಳ ಹಠ

“ಅಕ್ಕ, ಬಿಚ್ಚಿ ಮತ್ತೆ ಹೊಲೀರಿ. ದೊಡ್ಡದು ಬೇಕು” ಎಂದು ರೋಜಿನ್ ಮೂರನೇ ಸಲ ಆ ಬಿಳಿ ಅಂಗಿಯನ್ನು ನನ್ನ ಮುಂದಿಟ್ಟಾಗ ತಾಳ್ಮೆ ಕೆಟ್ಟಿತು. ಜೆ.ಪಿ. ನಗರದ ನನ್ನ ಟೈಲರಿಂಗ್ ಅಂಗಡಿಯಲ್ಲಿ ಮದುವೆ ಬ್ಲೌಸುಗಳು ರಾಶಿ ಬಿದ್ದಿದ್ದವು. ಈಕೆ ಕುರ್ದಿಶ್ ಕಲಾವಿದೆ, ದೇಶ ಬಿಟ್ಟು ಬಂದು ನಮ್ಮ ಹಿಂದಿನ ರಸ್ತೆಯಲ್ಲಿ ಬಾಡಿಗೆಗಿದ್ದಳು. ತನ್ನ ಪ್ರದರ್ಶನಕ್ಕೆಂದು ಹನ್ನೆರಡು ಶಾಲಾ ಅಂಗಿಗಳ ಮೇಲೆ ಕ್ಯೂ, ಡಬ್ಲ್ಯೂ, ಎಕ್ಸ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೆಂಪು ದಾರದಲ್ಲಿ ಹೊಲಿಯಲು ಹೇಳಿದ್ದಳು. ಮೊದಲ ಅಂಗಿಯಲ್ಲೇ ಹೀಗೆ ಸಿಕ್ಕಿಕೊಂಡಿದ್ದೆ. ಜೇಬಿನ ಮೇಲೆ ಚಿಕ್ಕದಾಗಿ, ಅಚ್ಚುಕಟ್ಟಾಗಿ ಹೊಲಿದಷ್ಟೂ ಅವಳಿಗೆ ಹಿಡಿಸುತ್ತಿರಲಿಲ್ಲ.

“ಮೂರು ಅಕ್ಷರಕ್ಕೆ ಇಷ್ಟೊಂದು ರಗಳೆ ಯಾಕಮ್ಮ? ಏನಾದ್ರೂ ಅರ್ಥ ಇದ್ಯಾ?” ಎಂದು ರೇಗಿದೆ.

ಅವಳು ಸಿಟ್ಟಾಗಲಿಲ್ಲ. ಅವಳ ತಾಯ್ನುಡಿಯಲ್ಲಿ ಆ ಅಕ್ಷರಗಳಿವೆ, ಆದರೆ ಅವಳು ಬಿಟ್ಟು ಬಂದ ದೇಶದ ಸರ್ಕಾರಿ ಅಕ್ಷರಮಾಲೆಯಲ್ಲಿ ಇಲ್ಲವಂತೆ, ಬರೆದರೆ ಅಪರಾಧವಂತೆ. “ಅಪ್ಪ ಹಬ್ಬದ ಕಾರ್ಡಲ್ಲಿ ಡಬ್ಲ್ಯೂ ಬರೆದ್ರು. ಪೊಲೀಸ್ ಬಂದ್ರು” ಎಂದು ಹರುಕುಮುರುಕು ಕನ್ನಡದಲ್ಲಿ ಹೇಳಿದಳು. ಆ ಅಕ್ಷರಗಳನ್ನೇ ಚಿತ್ರವಾಗಿ ಬರೆದದ್ದಕ್ಕೆ ಅವಳೂ ಊರು ಬಿಡಬೇಕಾಯಿತಂತೆ.

ಗೊಣಗುತ್ತಲೇ ಹೊಲಿಗೆ ಬಿಚ್ಚಿದೆ. ಹನ್ನೆರಡೂ ಅಂಗಿಗಳ ಮೇಲೆ ಅಂಗೈ ಅಗಲದ ಅಕ್ಷರ ಹೊಲಿದುಕೊಟ್ಟು, ಬ್ಲೌಸಿನವರಿಂದ ಚೆನ್ನಾಗಿ ಬೈಸಿಕೊಂಡೆ.

ನಾವು ಟೈಲರ್‌ಗಳು ಅಳತೆ ಪುಸ್ತಕದಲ್ಲಿ ಸೊಂಟಕ್ಕೆ ಡಬ್ಲ್ಯೂ ಎಂದು ಬರೆದುಕೊಳ್ಳುತ್ತೇವೆ. ದಿನಕ್ಕೆ ಹತ್ತಾರು ಸಲ ಬರೆಯುವ ಅಕ್ಷರ. ಈಗ ಅಲ್ಲಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಗಿರಾಕಿಗಳು ಕಾಯುತ್ತಿರುತ್ತಾರೆ, ನನಗೆ ನನ್ನ ಮೇಲೇ ರೇಗುತ್ತದೆ.