ಮೂಲೆ ಕೋಣೆಯ ಕೊಲೆ

ನನ್ನ ಅತ್ತೆಯವರಿಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಧಾರವಾಡದ ಮಾಸ್ತರರೊಬ್ಬರ ಮಗಳು ಅವರು. ಅಪ್ಪ ಕಲಿಸಿದ ಓದನ್ನೆಲ್ಲ ಅಪ್ಪನಿಗೆ ಕಾಣದಂತೆ ಬಚ್ಚಿಟ್ಟ ಪುಸ್ತಕಗಳ ಮೇಲೆ ಖರ್ಚು ಮಾಡಿದವರು. ಐವತ್ತರ ದಶಕದ ನಡುವೆ ನನ್ನ ಗಂಡನಿಗೆ ಚೆಂಬೂರಿನಲ್ಲಿ, ಆಗ ತಾನೇ ತಲೆಯೆತ್ತಿದ್ದ ರಿಫೈನರಿಯಲ್ಲಿ ಕೆಲಸ ಸಿಕ್ಕಿ ನಾವು ಮುಂಬಯಿಗೆ ಬಂದಾಗ, ಅವರ ಟ್ರಂಕಿನಲ್ಲಿ ಮೇಲೆ ಸೀರೆಗಳಿದ್ದವು, ಕೆಳಗೆ ಬರೀ ಕೊಲೆಗಳು. ಪುಸ್ತಕ ಅರ್ಧಕ್ಕೆ ಬರುವಷ್ಟರಲ್ಲಿ ಕೊಲೆಗಾರ ಯಾರೆಂದು ಹೇಳಿಬಿಡುತ್ತಿದ್ದರು. ಅದು ತಪ್ಪಾದರೆ, "ಬರದಾಂವಗ ಬುದ್ಧಿ ಇಲ್ಲ ಬಿಡು" ಎನ್ನುತ್ತಿದ್ದರು.

ಅಂಥವರು ಒಂದು ಮಳೆಗಾಲ ಮೋರಿಯಲ್ಲಿ, ಅಂದರೆ ಮುಂಬಯಿಯವರ ಬಚ್ಚಲಿನಲ್ಲಿ, ಬಟ್ಟೆ ಒಗೆಯುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಮಾವಿನ ಮರಗಳ ನಡುವೆ ಒಂದು ಹಳೆಯ ಬಂಗಲೆಯಿತ್ತು. ಮರಾಠಿ ಡಾಕ್ಟರೊಬ್ಬರು ಅದನ್ನೇ ನರ್ಸಿಂಗ್ ಹೋಂ ಮಾಡಿದ್ದರು. ಅತ್ತೆಯವರನ್ನು ಅಲ್ಲಿ ಸೇರಿಸಿದೆವು. ಕಾಲಿಗೆ ಭಾರ ಕಟ್ಟಿ ರಾಟೆಯ ಮೇಲಿಂದ ಇಳಿಬಿಟ್ಟರು. ಖಾರ ತಿನ್ನಕೂಡದು, ಅಲುಗಾಡಕೂಡದು ಎಂದು ಡಾಕ್ಟರ ಅಪ್ಪಣೆಯಾಯಿತು. ಮನೆಯಿಂದ ತಂದಿದ್ದ ಪುಸ್ತಕಗಳು ವಾರದೊಳಗೆ ಮುಗಿದವು. ಆಮೇಲೆ ಅವರು ನರ್ಸಿಂಗ್ ಹೋಮನ್ನೇ ಓದತೊಡಗಿದರು.

"ಒಂದು ಕೈಗನ್ನಡಿ ತಂದುಕೊಡು" ಎಂದರು ನನಗೆ. ತಲೆ ಬಾಚಿಕೊಳ್ಳಲು ಇರಬೇಕೆಂದು ತಂದುಕೊಟ್ಟೆ. ಅವರು ಅದನ್ನು ಬಾಗಿಲ ಕಡೆ ಓರೆ ಮಾಡಿ ಹಿಡಿದು, ಮಲಗಿದಲ್ಲಿಂದಲೇ ವರಾಂಡದ ಕೊನೆಯವರೆಗೆ ಕಾವಲು ಶುರು ಮಾಡಿದರು.

"ಕಾಲು ಕಟ್ಯಾರ, ಕಣ್ಣು ಕಟ್ಟಿಲ್ಲ" ಎಂದರು.

ಅವರ ಕನ್ನಡಿಗೆ ಸಿಕ್ಕಿದ್ದು ಪಕ್ಕದ ಮೂಲೆ ಕೋಣೆ. ಅದರ ಬಾಗಿಲು ಸದಾ ಮುಚ್ಚಿರುತ್ತಿತ್ತು. ಊಟದ ಹೊತ್ತು ಕಳೆದು ನರ್ಸ್‌ಗಳು ತೂಕಡಿಸುವ ಸಮಯಕ್ಕೆ ಸರಿಯಾಗಿ ಬಿಳಿ ಪಂಚೆಯ ದಪ್ಪನೆಯ ಗೃಹಸ್ಥರೊಬ್ಬರು ದೊಡ್ಡ ಡಬ್ಬಿಯೊಂದನ್ನು ಹಿಡಿದು, ಹಿಂದೆ ಮುಂದೆ ನೋಡಿ ಒಳಗೆ ನುಗ್ಗುತ್ತಿದ್ದರು. ಹೊರಗೆ ಬರುವಾಗಲೂ ಡಬ್ಬಿ ಭಾರವಾಗಿಯೇ ಇರುತ್ತಿತ್ತು.

ಮಲಯಾಳಿ ನರ್ಸನ್ನು ಕೇಳಿದರೆ ಆಕೆ, "ಉಧರ್ ಕೋಯೀ ನಹೀಂ ಮಾಜೀ" ಎಂದು ಥರ್ಮಾಮೀಟರನ್ನು ಅತ್ತೆಯವರ ಬಾಯಿಗೆ ತುರುಕಿ ಮಾತು ನಿಲ್ಲಿಸಿದಳು.

"ಯಾರೂ ಇಲ್ಲದ ಕೋಣಿಗೆ ಊಟ ಯಾಕ ಹೋಗ್ತದ?" ಎಂದರು ಅತ್ತೆ, ಥರ್ಮಾಮೀಟರ್ ಹೊರಗೆ ಬಂದ ಕೂಡಲೇ.

ಮರುದಿನ ಮಧ್ಯಾಹ್ನ ನಾನು ಮೋಸಂಬಿ ಸುಲಿಯುತ್ತ ಕುಳಿತಿದ್ದೆ. ಅತ್ತೆ ನನ್ನ ಕೈ ಹಿಡಿದು ಗೋಡೆಯ ಕಡೆ ಬೆರಳು ತೋರಿಸಿದರು. ಆ ಕಡೆಯಿಂದ ಮಂಗಳೂರು ಕಡೆಯ ಕನ್ನಡ ಕೇಳಿಸುತ್ತಿತ್ತು.

"ಸತ್ತು ಹೋಗಿದೆ ಮಾರಾಯ್ರೆ. ಪೂರಾ ಸತ್ತು ಹೋಗಿದೆ."

"ಮೆಲ್ಲ ಮಾತಾಡಿ! ಯಾರಿಗಾದ್ರೂ ಗೊತ್ತಾದ್ರೆ ನನ್ನ ಕಥೆ ಮುಗೀತು."

ಅತ್ತೆಯವರ ಮುಖದಲ್ಲಿ ಆಗ ಮೂಡಿದ ಬೆಳಕನ್ನು ನಾನು ಅವರ ಮೊಮ್ಮಗ ಹುಟ್ಟಿದಾಗಲೂ ನೋಡಲಿಲ್ಲ.

"ಕೊಲಿ!" ಎಂದು ಪಿಸುಗುಟ್ಟಿದರು. "ಆ ಪಂಚಿಯಾಂವ ಹೊರಗ ಬಂದ ಕೂಡಲೇ ಅವನ ಬೆನ್ನು ಹತ್ತು. ಎಲ್ಲಿಗೆ ಹೋಗ್ತಾನ ನೋಡಿ ಬಾ."

"ಅತ್ತೀ, ಅವರು ನೋಡಿದ್ರ ಏನ ಅಂದುಕೋತಾರ?"

"ನೋಡದಂಗ ಹೋಗು. ಛತ್ರಿ ಅದ ಅಲ್ಲ?"

ನಾನು ಛತ್ರಿಯಲ್ಲಿ ಮುಖ ಮರೆಸಿಕೊಂಡು ಹೊರಟೆ. ಮಳೆ ನಿಂತು ಬಿಸಿಲು ಬಿದ್ದಿತ್ತು; ರಸ್ತೆಯಲ್ಲಿ ಛತ್ರಿ ಬಿಚ್ಚಿದವಳು ನಾನೊಬ್ಬಳೇ. ಆ ಗೃಹಸ್ಥರು ತಿರುಗಿ ನೋಡಿದಾಗಲೆಲ್ಲ ನಾನು ಯಾವುದಾದರೂ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಒಮ್ಮೆ ಹಾಗೆ ನಿಂತದ್ದು ಕ್ಷೌರದಂಗಡಿಯ ಮುಂದೆ. ಮುಖಕ್ಕೆ ಸಾಬೂನಿನ ನೊರೆ ಹಚ್ಚಿಸಿಕೊಂಡವನೊಬ್ಬ ಒಳಗಿನಿಂದ ನನ್ನನ್ನೇ ದಿಟ್ಟಿಸಿದ. ಕೊನೆಗೆ ಅವರು ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲ್ಲಿಗೆ ಹೋಗಿ ಗಲ್ಲಾದ ಮೇಲೆ ಕುಳಿತರು. ಮಾಲಕರೇ ಅವರು! ಬಿಟ್ಟು ಬಂದರೆ ಅತ್ತೆ ಸುಮ್ಮನಿರುವವರಲ್ಲ. ನಾನೂ ಒಳಗೆ ಹೋಗಿ ಫ್ಯಾಮಿಲಿ ರೂಮಿನ ಪರದೆಯ ಹಿಂದೆ ಕುಳಿತು ಇಡ್ಲಿ ಹೇಳಿದೆ.

ಸಾಂಬಾರು ಬಾಯಿಗಿಟ್ಟರೆ ಬರೀ ಹುಳಿ ನೀರು. ಹೊರಗೆ ಗಿರಾಕಿಯೊಬ್ಬರು ಅದನ್ನೇ ಜೋರಾಗಿ ಹೇಳುತ್ತಿದ್ದರು. "ಏನ್ರೀ ಇದು? ಭಟ್ರು ಎಲ್ಲಿ?"

"ಊರಿಗೆ ಹೋಗಿದ್ದಾರೆ. ಹೆಂಡತಿಗೆ ಹೆರಿಗೆ" ಎಂದರು ಮಾಲಕರು.

"ಹೆರಿಗೆ ಆಗಿ ನೀವೇ ಪೇಢಾ ಹಂಚಿದ್ದು ಯುಗಾದಿಗಲ್ವಾ?"

ಮಾಲಕರು ಮೊದಲೇ ಉರಿಯುತ್ತಿದ್ದ ಊದುಬತ್ತಿಯನ್ನು ಮತ್ತೆ ಹಚ್ಚಿದರು.

ನಾನು ಓಡುತ್ತ ಬಂದು ವರದಿ ಒಪ್ಪಿಸಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಿಧಾನವಾಗಿ, "ಭಟ್ಟನ್ನ ಕೊಂದಾನ" ಎಂದರು. "ಡಾಕ್ಟರೂ ಶಾಮೀಲು."

"ಹೆಣದ ಮುಂದ ದಿನಾ ಡಬ್ಬಿ ಯಾಕ ಒಯ್ತಾರ ಅತ್ತೀ?"

"ನೋಡಿದವರು ಪೇಶಂಟ್ ಅದಾನ ಅಂದುಕೊಳ್ಳಲಿ ಅಂತ. ಇಷ್ಟೂ ತಿಳಿಯೂದಿಲ್ಲೇನು ನಿನಗ?"

ಸಂಜೆ ನನ್ನ ಗಂಡ ಬಂದಾಗ ಪೊಲೀಸರನ್ನು ಕರೆಯಲು ಹೇಳಿದರು. ಅವರು ತಾಯಿಯ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿ ಮನೆಗೆ ಹೋದರು. ಹಾಗಾಗಿ ಎಲ್ಲ ನನ್ನ ತಲೆಗೇ ಬಂತು. ಮರುದಿನ ಮಾಲಕರು ಒಳಗಿರುವಾಗಲೇ ಬಾಗಿಲು ನೂಕಬೇಕೆಂದು ಆಜ್ಞೆಯಾಯಿತು.

ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೂ ನಂಬಿಕೆ ಬಂದುಬಿಟ್ಟಿತ್ತು. ಮರುದಿನ ಮಾಲಕರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಬಾಗಿಲು ನೂಕಿದೆ.

ಮಂಚದ ಮೇಲೆ ತೆಳ್ಳನೆಯ ಮನುಷ್ಯನೊಬ್ಬ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿ ಕುಳಿತಿದ್ದ. ಎದುರಿಗೆ ಸಾಲಾಗಿ ಬಟ್ಟಲುಗಳು. ಮಾಲಕರು ಮಗುವಿಗೆ ಉಣಿಸುವಂತೆ ಚಮಚವನ್ನು ಅವನ ಬಾಯಿಗೆ ಹಿಡಿದಿದ್ದರು.

"ಇದು ಎಂಥದ್ದು? ಹೇಳಿ ನೋಡುವ."

"ಬಿಸಿ ಉಂಟು. ಬೇರೆ ಎಂಥದ್ದೂ ಗೊತ್ತಾಗುದಿಲ್ಲ."

ನನ್ನನ್ನು ನೋಡಿದ್ದೇ ಮಾಲಕರ ಕೈಯಿಂದ ಚಮಚ ಬಿತ್ತು. "ನೀವಾ! ನಿನ್ನೆ ಛತ್ರಿ ಹಿಡಿದು ನನ್ನ ಹಿಂದೆ ಬಂದವರು! ಎದುರಿನ ಹೋಟೆಲಿನವರು ಕಳಿಸಿದ್ದಲ್ವಾ?"

"ಹೆಣ ಸಿಕ್ಕಿತೇನಽ?" ಎಂದು ಗೋಡೆಯಾಚೆಯಿಂದ ಅತ್ತೆ ಕೂಗಿದರು.

ಹೆಣವೇ ಎದ್ದು ನಡೆದುಕೊಂಡು ಅವರ ಕೋಣೆಗೆ ಬಂತು. ಹಿಂದೆ ಮಾಲಕರು, ಅವರ ಹಿಂದೆ ನಾನು. ಮಂಚದಲ್ಲಿ ಮಲಗಿಕೊಂಡೇ ಅತ್ತೆ ವಿಚಾರಣೆ ನಡೆಸಿದರು. ಭಟ್ಟರು ಎಲ್ಲ ಹೇಳಿದರು. ಅವರಿಗೆ ದೊಡ್ಡ ಜ್ವರ ಬಂದು ಇಳಿದಿತ್ತು. ಇಳಿಯುವಾಗ ರುಚಿಯನ್ನೂ ಹೊತ್ತುಕೊಂಡು ಹೋಗಿತ್ತು. ಸತ್ತು ಹೋಗಿದ್ದು ಅವರ ನಾಲಿಗೆ. ಸುದ್ದಿ ಹಬ್ಬಿದರೆ ಗಿರಾಕಿಗಳು ಎದುರಿನ ಹೋಟೆಲ್ಲಿಗೆ ಹೋಗುತ್ತಾರೆಂದು ಮಾಲಕರು ಡಾಕ್ಟರ ಕಾಲು ಹಿಡಿದು ಭಟ್ಟರನ್ನು ಇಲ್ಲಿ ಗುಟ್ಟಾಗಿ ಇರಿಸಿದ್ದರು.

"ಒಗ್ಗರಣೆ ಸೀದರೆ ಮೂರು ಮನೆ ಆಚೆಯಿಂದ ಗೊತ್ತಾಗ್ತಿತ್ತು ನನಗೆ" ಎಂದರು ಭಟ್ಟರು. "ಈಗ ಪಾಯಸವೂ ಒಂದೇ, ಕಷಾಯವೂ ಒಂದೇ. ಬೇರೆ ಕೆಲಸ ನನಗೆ ಬರುದಿಲ್ಲ ಅಮ್ಮ. ನಾನಿನ್ನು ಎಂಥ ಮಾಡುದು?" ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಮಾಲಕರು ಅವರ ಬೆನ್ನು ಸವರುತ್ತ ಕಿಟಕಿಯ ಕಡೆ ಮುಖ ತಿರುಗಿಸಿದರು. ಗುಟ್ಟು ಗಿರಾಕಿಗಳ ಸಲುವಾಗಿ ಮಾತ್ರ ಇರಲಿಲ್ಲವೆಂದು ನನಗೆ ಆಗ ಹೊಳೆಯಿತು. ಇಬ್ಬರೂ ಒಂದೇ ಊರಿನಿಂದ, ಒಂದೇ ಹಡಗಿನಲ್ಲಿ ಬಂದವರಂತೆ.

ಕೊಲೆ ಕೈತಪ್ಪಿದ ದುಃಖ ಅತ್ತೆಯವರಿಗೂ ಇತ್ತು. ಆದರೂ, "ಅಳಬ್ಯಾಡೋ ತಮ್ಮಾ" ಎಂದು ದಿಂಬಿನ ಕೆಳಗೆ ಕೈ ಹಾಕಿ ಒಂದು ಗಾಜಿನ ಭರಣಿ ತೆಗೆದರು. ನಾನು ಬೆಪ್ಪಾದೆ. ಅದರಲ್ಲಿದ್ದದ್ದು ರಂಜಕ, ಕೆಂಪು ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ನಮ್ಮ ಕಡೆಯ ಚಟ್ನಿ. ಡಾಕ್ಟರ ಕಣ್ಣು ತಪ್ಪಿಸಿ ಅದನ್ನು ತಂದುಕೊಟ್ಟಿದ್ದು ತಾಯಿಯ ಹಣೆ ಮುಟ್ಟಿ ನೋಡಿದ ಆ ಮಗನೇ!

ಅತ್ತೆ ರೊಟ್ಟಿಯ ಚೂರಿಗೆ ಅದನ್ನು ದಂಡಿಯಾಗಿ ಹಚ್ಚಿ ಭಟ್ಟರಿಗೆ ಕೊಟ್ಟರು. ಅವರು ನಿರಾಸೆಯಿಂದಲೇ ಅಗಿದರು. ಏನೂ ಆಗಲಿಲ್ಲ. ಮಾಲಕರು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಭಟ್ಟರ ಕಿವಿ ಕೆಂಪಾದವು. ಹಣೆಯ ಮೇಲೆ ಬೆವರು, ಆಮೇಲೆ ಬಿಕ್ಕಳಿಕೆ. ಕೊನೆಗೆ ಮೂಗು ಒರೆಸಿಕೊಂಡು, "ಬೆಳ್ಳುಳ್ಳಿ" ಎಂದರು. ಮತ್ತೆ ಅಗಿದು, "ಮೆಂತ್ಯೆ ಉಂಟಾ ಇದರಲ್ಲಿ?"

"ಅದ" ಎಂದರು ಅತ್ತೆ. "ಸ್ವಲ್ಪಽ ಹಾಕೀನಿ."

ಮಾಲಕರು ನನ್ನ ಅತ್ತೆಯವರ ಕಾಲಿಗೆ ಬೀಳಲು ಹೋಗಿ ರಾಟೆಯ ಹಗ್ಗಕ್ಕೆ ಸಿಕ್ಕಿಕೊಂಡರು. ಅತ್ತೆ ನೋವಿನಿಂದ ಚೀರಿದ್ದು ಕೇಳಿ ಡಾಕ್ಟರು ಓಡಿ ಬಂದರು. ರುಚಿ ಹೇಗೂ ತಾನಾಗಿಯೇ ತಿರುಗಿ ಬರುತ್ತಿತ್ತು, ಇದರಲ್ಲಿ ಮೆಣಸಿನಕಾಯಿಯ ಪವಾಡವೇನೂ ಇಲ್ಲ ಎಂದು ನಮ್ಮೆಲ್ಲರನ್ನೂ ಗದರಿಸಿ ಭರಣಿಯನ್ನು ಜಪ್ತಿ ಮಾಡಿದರು.

ಭಟ್ಟರ ನಾಲಿಗೆಗೆ ರುಚಿ ಮೆಲ್ಲಮೆಲ್ಲನೆ ಪೂರ್ತಿ ತಿರುಗಿ ಬಂತು. ಅವರು ಅಡುಗೆಮನೆಗೆ ಮರಳಿದ ಮೇಲೆ ಅತ್ತೆಯವರಿಗೆ ದಿನಾ ಸಾಂಬಾರು ಬರತೊಡಗಿತು. ಅವರು ದಿನಾ ಬೈದರು. "ಬೆಲ್ಲ ಹಾಕ್ಯಾನ ನೋಡು, ಇದೇನ ಸಾರೋ ಪಾನಕೋ?" ಬಟ್ಟಲು ಮಾತ್ರ ಒರೆಸಿದಂತೆ ಖಾಲಿಯಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ಅತ್ತೆ ಕೋಲೂರಿ ನಡೆಯುವಂತಾದರು. ಮೊದಲು ಆ ಹೋಟೆಲ್ಲಿಗೇ ಕರೆದೊಯ್ಯಬೇಕೆಂದು ಹಟ ಹಿಡಿದರು. ಭಟ್ಟರು ತಾವೇ ಮಸಾಲೆ ದೋಸೆ ತಂದಿಟ್ಟು, ಟವೆಲಿನಲ್ಲಿ ಕೈ ಒರೆಸುತ್ತ ಪರದೆಯ ಬಳಿ ನಿಂತರು. ಅತ್ತೆ ಒಂದು ತುತ್ತು ನುಂಗಿ, ಮುಖ ಗಂಟಿಕ್ಕಿ, "ಉಪ್ಪು ಹಾಕೂದು ಮರತೀಯೇನೋ ತಮ್ಮಾ?" ಎಂದರು.

ಭಟ್ಟರ ಮುಖದ ರಕ್ತವೇ ಇಂಗಿಹೋಯಿತು. ದೋಸೆಯ ತುದಿಯನ್ನು ಹರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಿಧಾನವಾಗಿ ಅಗಿದರು. ಕಣ್ಣು ತೆರೆದು, "ಸರಿ ಉಂಟಲ್ಲ ಅಮ್ಮ!" ಎಂದರು.

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕ ನಗುವಿಗೆ ಕೋಲು ಜಾರಿ ಮೇಜಿನ ಕೆಳಗೆ ಬಿತ್ತು.